ಹುಳದ ಹಿಂದೆ ಓಡಬೇಡ, ಬದನೆ ಹೂವಿನ ಹತ್ತಿರ ಕೂತ್ಕೋ

ಪ್ರೀತಿಯ ಗೆಳೆಯ,

ಹಾರುವ ಜೇನ್ನೊಣವನ್ನು ಹಿಡಿಯೋಕೆ ಹೋಗಿ ನೀನು ತೆಗೆದ ಫೋಟೋಗಳನ್ನೆಲ್ಲ ನೋಡಿದೆ. ಹೂವು ಚೆನ್ನಾಗಿ ಬಂದಿದೆ, ಜೇನ್ನೊಣ ಮಾತ್ರ ಎಲ್ಲದರಲ್ಲೂ ಮಸುಕು. ಅದಕ್ಕೆ ಹೊಸ ಲೆನ್ಸ್ ಬೇಕಾಗಿಲ್ಲ. ಹುಳದ ಹಿಂದೆ ಓಡೋದು ಬಿಡು. ಒಂದು ಹೂವು ಆರಿಸಿಕೊಂಡು ಅಲ್ಲೇ ಕೂತ್ಕೋ. ಆಟೋಫೋಕಸ್ ಆಫ್ ಮಾಡಿ, ಹೂವಿಗಿಂತ ಒಂದು ಬೆರಳಿನಷ್ಟು ಮುಂದೆ ಫೋಕಸ್ ಇಟ್ಟು ಕಾಯಿ. ಎಷ್ಟೇ ಜೋರಾಗಿ ಬಂದರೂ ಇಳಿಯುವ ಮುಂಚೆ ಅದು ನಿಧಾನ ಮಾಡಲೇಬೇಕು, ಅಲ್ವಾ?

ಇನ್ನು ರೆಕ್ಕೆ. ಜೇನ್ನೊಣ ಸೆಕೆಂಡಿಗೆ ಸುಮಾರು 230 ಸಲ ರೆಕ್ಕೆ ಬಡಿಯುತ್ತದೆ. ನಿನ್ನ ಶಟರ್ 1/200 ಸೆಕೆಂಡಿನಲ್ಲಿ ತೆರೆದು ಮುಚ್ಚುವಷ್ಟರಲ್ಲಿ ಒಂದು ಬಡಿತ ಪೂರ್ತಿ ಮುಗಿದಿರುತ್ತದೆ. ಅದನ್ನು ನಿಲ್ಲಿಸಿ ತೋರಿಸೋಕೆ ಫ್ಲಾಶೇ ಬೇಕು. ಫ್ಲಾಶಿನ ಪವರ್ ಪೂರ್ತಿಯ 1/32 ಪಾಲಿಗೆ ಇಳಿಸು. ಪವರ್ ಇಳಿದಷ್ಟೂ ಬೆಳಕು ಹೊಳೆಯುವ ಹೊತ್ತೂ ಚಿಕ್ಕದಾಗುತ್ತದೆ, ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ. ತುಂಬಾ ವೇಗದ ಶಟರ್ ಜೊತೆ ಫ್ಲಾಶ್ ಬಳಸೋಕೆ ಇರುವ ಹೈಸ್ಪೀಡ್ ಸಿಂಕ್ ಸೆಟ್ಟಿಂಗ್ ಮಾತ್ರ ಹಾಕಬೇಡ, ಅದರಲ್ಲಿ ಫ್ಲಾಶ್ ಜಾಸ್ತಿ ಹೊತ್ತು ಮಿನುಗುತ್ತಲೇ ಇರುತ್ತದೆ. ತೀರಾ ಹತ್ತಿರಕ್ಕೂ ಹೋಗಬೇಡ. 1:1ರಲ್ಲಿ, ಅಂದರೆ ಹುಳ ಕ್ಯಾಮೆರಾ ಸೆನ್ಸರಿನ ಮೇಲೆ ತನ್ನ ನಿಜ ಗಾತ್ರದಲ್ಲೇ ಮೂಡುವಷ್ಟು ಹತ್ತಿರದಲ್ಲಿ, ಲೆನ್ಸಿನ ಕಿಂಡಿಯನ್ನು ಎಫ್/11ರಷ್ಟು ಚಿಕ್ಕದಾಗಿಟ್ಟರೂ ಸ್ಪಷ್ಟವಾಗಿ ಸಿಗೋದು ಹಿಂದೆ-ಮುಂದೆ ಸೇರಿ ಒಂದು ಮಿಲಿಮೀಟರ್ ಆಸುಪಾಸು. ಅರ್ಧ ಗಾತ್ರದ 1:2ಕ್ಕೆ ಹಿಂದೆ ಸರಿದರೆ ಅದರ ಮೂರು ಪಟ್ಟು ಸಿಗುತ್ತದೆ. ಆಮೇಲೆ ಕ್ರಾಪ್ ಮಾಡಿಕೋ.

ಯಾವ ಹೂವು ಅಂತ ಕೇಳಿದ್ದೆಯಲ್ಲ? ಗುಲಾಬಿ ಬಿಡು, ಬದನೆ ಗಿಡದ ಹತ್ತಿರ ಕೂರು. ಅಲ್ಲಿಗೆ ನೀಲಿ ಪಟ್ಟೆಯ ಜೇನು ಬರುತ್ತದೆ. ಗೂಡು ಕಟ್ಟಿ ಗುಂಪಿನಲ್ಲಿರುವ ಜಾತಿಯಲ್ಲ, ಒಂಟಿ ಜೇನು. ಬದನೆ ಹೂವಲ್ಲಿ ಮಕರಂದ ಇಲ್ಲ. ಇರೋದು ಪರಾಗ, ಅದೂ ಹಳದಿ ಕೇಸರಗಳ ಒಳಗೆ. ಹೊರಗೆ ಬರೋಕೆ ತುದಿಯಲ್ಲಿ ಸಣ್ಣ ತೂತು ಮಾತ್ರ. ತುಡುವೆಗಾಗಲಿ ಹೆಜ್ಜೇನಿಗಾಗಲಿ ಅದನ್ನು ಅಲುಗಿಸಿ ಉದುರಿಸೋಕೆ ಬರಲ್ಲ. ನೀಲಿ ಪಟ್ಟೆಯದಾದರೆ ಕೇಸರವನ್ನು ತಬ್ಬಿ ಹಿಡಿದು, ಮೈ ಬಾಗಿಸಿ, ರೆಕ್ಕೆ ಮಡಚಿಕೊಂಡೇ ಹಾರುವ ಸ್ನಾಯುಗಳನ್ನು ನಡುಗಿಸುತ್ತದೆ. ಝುಯ್ ಅಂತ ಸದ್ದು ಬರುತ್ತದೆ, ಪರಾಗ ಹೊಟ್ಟೆಯ ಮೇಲೆ ಸಿಡಿಯುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ. ಸದ್ದು ನಿಂತ ಕೂಡಲೇ ರೆಡಿಯಾಗು. ಎಷ್ಟೋ ಸಲ ಅದು ಹೂವು ಬಿಟ್ಟು, ಎದುರಿಗೇ ಗಾಳಿಯಲ್ಲಿ ನಿಂತು, ಮೈಗಂಟಿದ ಪರಾಗವನ್ನು ಕಾಲಿನಿಂದ ಸವರಿಕೊಳ್ಳುತ್ತದೆ. ಕ್ಲಿಕ್ ಮಾಡಬೇಕಾದ್ದು ಆಗ.

ಇನ್ನೊಂದು ಮಾತು. ಹುಳವನ್ನು ಫ್ರಿಜ್ಜಲ್ಲಿಟ್ಟು ಮಂಕು ಮಾಡಿ ಫೋಟೋ ತೆಗೆಯುವವರಿದ್ದಾರೆ. ಯಾರಾದರೂ ನಿನಗೂ ಅದನ್ನೇ ಹೇಳಿಕೊಟ್ಟರೆ ದಯವಿಟ್ಟು ಕೇಳಬೇಡ. ಗಿಡಕ್ಕೆ ಔಷಧಿ ಹೊಡೆಯುವುದನ್ನೂ ಬಿಡು, ಜೇನು ತಾನಾಗೇ ಬರುತ್ತದೆ. ತಾರಸಿ ಮೇಲೆ ಕುಂಡದಲ್ಲಿ ಎರಡು ಬದನೆ ಸಸಿ ನೆಟ್ಟರೂ ಸಾಕು. ಬೀಜ ಬೇಕಿದ್ದರೆ ಹೇಳು, ನಮ್ಮ ಮನೆಯ ಗುಂಡುಬದನೆಯದು ಕಳಿಸುತ್ತೇನೆ.

ನಿನ್ನ ಗೆಳೆಯ