ಎಂಜಿನ್ನಿನಿಂದ ಇಳಿಸಿದ ಆಯಿಲ್ಲಿಗೆ ಒಂದು ಜಾಗ ಕೊಡಿ: ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲೂ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆಯಲ್ಲೂ ಕಾರಿನ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳುವವರ ಪರವಾಗಿ ಈ ಪತ್ರ. ನಮ್ಮ ಬೇಡಿಕೆ ಒಂದೇ. ಬಳಸಿದ ಎಂಜಿನ್ ಆಯಿಲ್ ತಂದು ಒಪ್ಪಿಸಲು ಪ್ರತಿ ತಾಲೂಕಿನಲ್ಲಿ ಅಧಿಕೃತವಾದ ಒಂದು ಜಾಗ ಬೇಕು. ಮೃಗಶಿರ ಮಳೆ ಹಿಡಿಯುವ ಮೊದಲು ಕಾರವಾರ ಮತ್ತು ಕುಮಟಾದಲ್ಲಾದರೂ ಅದು ಶುರುವಾಗಲಿ.

ಆಯಿಲ್ ಬದಲಿಸುವ ಕೆಲಸ ಕಲಿತವರಿಗೆ ಕಷ್ಟದ್ದಲ್ಲ. ಎಂಜಿನ್ ನಾಲ್ಕೈದು ನಿಮಿಷ ಓಡಿಸಿ, ಆಯಿಲ್ ಬೆಚ್ಚಗಾದ ಮೇಲೆ ಚೇಂಬರಿನ ಡ್ರೈನ್ ಬೋಲ್ಟ್ ಬಿಚ್ಚಬೇಕು. ತಣ್ಣಗಿದ್ದರೆ ತಳದ ಕೊಳೆ ಒಳಗೇ ಕೂತುಬಿಡುತ್ತದೆ. ಬರೀ ಜಾಕನ್ನು ನಂಬಿ ಕಾರಿನ ಕೆಳಗೆ ಹೋಗಬಾರದು, ಸ್ಟ್ಯಾಂಡ್ ಬೇಕು. ಸ್ಟ್ಯಾಂಡಿನ ಬದಲು ಚೀರೆಕಲ್ಲು (ಮನೆ ಕಟ್ಟುವ ಕೆಂಪು ಜಂಬಿಟ್ಟಿಗೆ ಕಲ್ಲು) ಇಡುವ ರೂಢಿ ನಮ್ಮ ಕಡೆ ಇದೆ, ಅದು ಜೀವಕ್ಕೆ ಅಪಾಯ. ಭಾರ ಒಂದು ಮೂಲೆಗೆ ಬಿದ್ದರೆ ಆ ಕಲ್ಲು ಸೂಚನೆಯನ್ನೇ ಕೊಡದೆ ಪುಡಿಯಾಗುತ್ತದೆ. ಬೋಲ್ಟಿನ ವಾಷರ್ ಪ್ರತಿ ಸಲ ಹೊಸದು ಹಾಕಬೇಕು. ಹಳೇ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡಿದ್ದು, ಅದರ ಮೇಲೇ ಹೊಸ ಫಿಲ್ಟರ್ ಕೂರಿಸಿದರೆ ಎಂಜಿನ್ ಚಾಲೂ ಆದ ಕೆಲವೇ ಕ್ಷಣಗಳಲ್ಲಿ ಹೊಸ ಆಯಿಲ್ ನೆಲದ ಪಾಲು. ಹೊಸ ರಿಂಗಿಗೆ ಆಯಿಲ್ ಸವರಿ, ಅದು ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ತಿರುಗಿಸಿದರೆ ಸಾಕು. ಪಾನಾ ಹಾಕಿ ಬಿಗಿದರೆ ಮುಂದಿನ ಸಲ ಬಿಚ್ಚುವವರು ಪಡುವ ಪಾಡು ಹೇಳತೀರದು.

ಇಷ್ಟು ಜಾಗ್ರತೆಯಿಂದ ಕೆಲಸ ಮುಗಿಸಿದವರ ಮುಂದೆ ಕೊನೆಗೆ ಒಂದು ತಟ್ಟೆ ಕಪ್ಪು ಎಣ್ಣೆ ಉಳಿಯುತ್ತದೆ. ಸಣ್ಣ ಪೆಟ್ರೋಲ್ ಕಾರಿನಿಂದ ಮೂರರಿಂದ ಮೂರೂವರೆ ಲೀಟರ್, ದೊಡ್ಡ ಡೀಸೆಲ್ ಗಾಡಿಯಿಂದ ಐದಾರು ಲೀಟರ್. ಫಿಲ್ಟರಿನ ಹೊಟ್ಟೆಯಲ್ಲೂ ಒಂದಿಷ್ಟು ನಿಂತಿರುತ್ತದೆ; ಅದನ್ನು ಒಂದು ರಾತ್ರಿ ಬೋರಲು ಹಾಕಿಟ್ಟರೆ ಬಸಿಯುತ್ತದೆ. ಅರವತ್ತು ಸಣ್ಣ ಕಾರುಗಳ ಒಂದು ಸಲದ ಆಯಿಲ್ ಸೇರಿದರೆ 200 ಲೀಟರಿನ ಬ್ಯಾರಲ್ ಹೆಚ್ಚುಕಡಿಮೆ ತುಂಬಿತು. ಒಂದು ದೊಡ್ಡ ಕೇರಿಯಲ್ಲೇ ಅಷ್ಟು ಕಾರುಗಳಿವೆ.

ಈಗ ಇದೆಲ್ಲ ಎಲ್ಲಿಗೆ ಹೋಗುತ್ತಿದೆ? ಸ್ವಲ್ಪ ಸೆಂಟ್ರಿಂಗ್ ಹಲಗೆಗೆ, ಸ್ವಲ್ಪ ಗೆದ್ದಲು ಹಿಡಿಯದಿರಲೆಂದು ಬೇಲಿಯ ಗೂಟಕ್ಕೆ, ಸ್ವಲ್ಪ ಕಸದ ಜೊತೆ ಬೆಂಕಿಗೆ, ಉಳಿದದ್ದು ಗಟಾರಕ್ಕೆ. ಇವೆಲ್ಲಕ್ಕಿಂತ ನಮ್ಮನ್ನು ಕಾಡುವ ರೂಢಿ ಇನ್ನೊಂದಿದೆ. ಮಳೆಗಾಲಕ್ಕೆ ಮುಂಚೆ ತುಕ್ಕು ಹಿಡಿಯದಿರಲೆಂದು ಹಳೇ ಆಯಿಲನ್ನೇ ಗಾಡಿಯ ತಳಕ್ಕೆ ಹೊಡೆಯುತ್ತಾರೆ. ಸಮುದ್ರದ ಉಪ್ಪುಗಾಳಿಗೆ ಇಲ್ಲಿಯ ಕಾರುಗಳ ತಳ ಬೇಗ ತುಕ್ಕು ಹಿಡಿಯುವುದು ನಿಜ. ಆದರೆ ಈ ಮದ್ದು ಕಾರಿಗೂ ಒಳ್ಳೆಯದಲ್ಲ. ಬಳಸಿದ ಆಯಿಲ್‌ನಲ್ಲಿ ಎಂಜಿನ್ ಸವೆದ ಲೋಹದ ಪುಡಿ, ಇಂಧನ ಉರಿದಾಗ ಹುಟ್ಟಿದ ಆಮ್ಲ, ನೀರಿನ ಅಂಶ ಎಲ್ಲವೂ ಇರುತ್ತವೆ. ಅದು ತಾಗಿದ ಸಸ್ಪೆನ್ಷನ್ ಬುಷ್‌ಗಳ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಬ್ರೇಕ್ ಹೋಸ್‌ಗೂ ಅದೇ ಗತಿ. ಬ್ರೇಕ್ ಡಿಸ್ಕಿಗೆ ಹಾರಿದರೆ ಪರಿಣಾಮ ಹೇಳಬೇಕಿಲ್ಲ. ಕೊನೆಗೆ ಆ ಆಯಿಲ್ ಲೋಹದ ಮೇಲೆ ನಿಲ್ಲುವುದೂ ಇಲ್ಲ. ನಾಲ್ಕು ಜೋರು ಮಳೆಗೆ ಬಹುಪಾಲು ರಸ್ತೆಗಿಳಿದು, ರಸ್ತೆಯಿಂದ ಹಳ್ಳಕ್ಕೆ ಹೋಗುತ್ತದೆ.

ತುಕ್ಕಿಗೆ ಸರಿಯಾದ ದಾರಿ ಬೇರೆಯೇ ಇದೆ. ಏಪ್ರಿಲ್ ಬಿಸಿಲಿನಲ್ಲಿ ತಳ ತೊಳೆದು, ಎರಡು ದಿನ ಒಣಗಿಸಿ, ಎದ್ದ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಜಿಂಕ್ ಪ್ರೈಮರ್ ಹಚ್ಚಿ, ಅದು ಒಣಗಿದ ಮೇಲೆ ಮೇಣದ ಅಥವಾ ಲ್ಯಾನೋಲಿನ್ (ಕುರಿಯ ಉಣ್ಣೆಯ ಜಿಡ್ಡು) ಲೇಪ ಹೊಡೆಯಬೇಕು. ಬಾಗಿಲ ಕೆಳಗಿನ ನೀರು ಹೋಗುವ ತೂತುಗಳಲ್ಲಿ ಕಸ ಕಟ್ಟಿದ್ದರೆ ತೆಗೆಯಬೇಕು. ಬಾಗಿಲುಗಳು ಒಳಗಿನಿಂದ ಕೊಳೆಯುವುದು ಹೆಚ್ಚಾಗಿ ಅಲ್ಲಿಂದಲೇ. ಇದನ್ನು ನಾವು ಸುತ್ತಲಿನವರಿಗೆ ಹೇಳಿಕೊಡಬಲ್ಲೆವು. ಆದರೆ "ಹಾಗಾದರೆ ಈ ಹಳೇ ಆಯಿಲ್ ಏನು ಮಾಡುವುದು?" ಎಂಬ ಮರುಪ್ರಶ್ನೆಗೆ ನಮ್ಮ ಬಳಿ ಉತ್ತರವಿಲ್ಲ. ಆ ಉತ್ತರಕ್ಕಾಗಿಯೇ ತಮಗೆ ಬರೆಯುತ್ತಿದ್ದೇವೆ.

ನಮ್ಮ ಜಿಲ್ಲೆಯಲ್ಲಿ ಹಳ್ಳಕ್ಕೆ ಹೋದದ್ದು ದೂರ ಹೋಗಿ ಮರೆಯಾಗುವುದಿಲ್ಲ. ಅಘನಾಶಿನಿ ನದಿಯ ಒಂದು ಮೂಲ ಶಿರಸಿಯ ಶಂಕರಹೊಂಡ. ಅಲ್ಲಿಂದ ಘಟ್ಟ ಇಳಿದ ನೀರು ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಆ ಅಳಿವೆ 2024ರ ಜನವರಿಯಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಅಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕಿ ಬದುಕುವ ಕುಟುಂಬಗಳಿವೆ, ಗಜನಿಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವವರಿದ್ದಾರೆ. ಬಳಚು ನೀರನ್ನು ಒಳಗೆಳೆದು ಸೋಸಿ ಆಹಾರ ತೆಗೆದುಕೊಳ್ಳುವ ಜೀವಿ. ನೀರಿನಲ್ಲಿ ಏನಿದೆಯೋ ಅದು ಅದರ ಮೈಯಲ್ಲೂ ಸೇರುತ್ತದೆ, ಅಲ್ಲಿಂದ ನಮ್ಮ ತಾಟಿಗೆ ಬರುತ್ತದೆ.

ಕಾನೂನಿನ ದಾರಿ ಈಗಾಗಲೇ ತೆರೆದಿದೆ. ಅಪಾಯಕಾರಿ ತ್ಯಾಜ್ಯಗಳ 2016ರ ನಿಯಮಗಳಿಗೆ ಕೇಂದ್ರ ಪರಿಸರ ಸಚಿವಾಲಯ 2023ರ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿ ತಂದು, ಬಳಸಿದ ಆಯಿಲ್ಲಿನ ಮರುಬಳಕೆಯ ಹೊಣೆಯನ್ನು ಆಯಿಲ್ ತಯಾರಕರು ಮತ್ತು ಆಮದುದಾರರ ಮೇಲೆ ಹಾಕಿದೆ. 2024ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಸಂಗ್ರಹಿಸುವ ಏಜೆಂಟರ ನೋಂದಣಿಗೂ ಅದರಲ್ಲಿ ವ್ಯವಸ್ಥೆಯಿದೆ. ಅಂದಮೇಲೆ ಇದರ ಪೂರ್ತಿ ಖರ್ಚನ್ನು ನಗರಸಭೆಯೇ ಹೊರಬೇಕಿಲ್ಲ. ತಾವು ನೋಂದಾಯಿತ ಏಜೆಂಟರನ್ನು ಕರೆಸಿ, ಸ್ಥಳೀಯ ಸಂಸ್ಥೆಯಿಂದ ಜಾಗ ಕೊಡಿಸಿ, ಬ್ಯಾರಲ್ ಒಯ್ಯುವ ದಿನ ನಿಗದಿ ಮಾಡಿಸಿದರೆ ಕೆಲಸ ನಡೆಯುತ್ತದೆ. ಆಯಿಲ್ ಕೊಳೆಯಾಗುತ್ತದೆಯೇ ಹೊರತು ಮುಗಿದುಹೋಗುವುದಿಲ್ಲ. ಶುದ್ಧಮಾಡಿದರೆ ಮತ್ತೆ ಲೂಬ್ರಿಕೆಂಟ್ ಆಗುವ ಮಾಲು ಅದು. ಕಾರಿನ ಬ್ಯಾಟರಿಯನ್ನೇ ನೋಡಿ: ಹಳೆಯದು ಕೊಟ್ಟರೆ ಹೊಸದರ ಬೆಲೆಯಲ್ಲಿ ಕಡಿತ ಸಿಗುತ್ತದೆ, ಹಾಗಾಗಿ ಅದನ್ನು ಯಾರೂ ಹಳ್ಳಕ್ಕೆ ಎಸೆಯುವುದಿಲ್ಲ.

ಜಾಗ ಹೇಗಿರಬೇಕು ಎಂಬುದರಲ್ಲಿ ನಮ್ಮ ಒತ್ತಾಯ ಸ್ವಲ್ಪ ಹೆಚ್ಚು, ಏಕೆಂದರೆ ಇಲ್ಲಿಯ ಮಳೆಯಲ್ಲಿ ಅರೆಬರೆ ವ್ಯವಸ್ಥೆ ಕೆಡುಕನ್ನೇ ಮಾಡುತ್ತದೆ. ಬ್ಯಾರಲ್ ಸೂರಿನ ಕೆಳಗೇ ಇರಬೇಕು. ಬಯಲಲ್ಲಿಟ್ಟರೆ ಅದರ ತಲೆಯ ಮೇಲೆ ನೀರು ನಿಲ್ಲುತ್ತದೆ. ಹಗಲು ಕಾದ ಬ್ಯಾರಲ್ ರಾತ್ರಿ ತಣಿಯುವಾಗ ಒಳಗಿನ ಗಾಳಿ ಕುಗ್ಗಿ, ಬಿರಡೆಯ ಸಂದಿಯಿಂದ ಆ ನೀರನ್ನು ಒಳಗೆಳೆಯುತ್ತದೆ. ಮುಚ್ಚಳ ಬಿಗಿಯಾಗಿದೆಯೆಂದು ನಂಬಿ ಕೂತವರ ಬ್ಯಾರಲಿನ ತಳದಲ್ಲೂ ನೀರು ಸಿಗುವುದು ಹೀಗೆ. ಒಂದು ಬ್ಯಾರಲಿಗೆ ಕನಿಷ್ಠ 220 ಲೀಟರ್ ಹಿಡಿಯುವ ತೊಟ್ಟಿ ಕೆಳಗಿದ್ದರೆ ಸೋರಿದರೂ ನೆಲಕ್ಕಿಳಿಯುವುದಿಲ್ಲ. ಜಾಲರಿ ಮತ್ತು ಮುಚ್ಚಳವಿರುವ ದೊಡ್ಡ ಆಲಿಕೆ, ಚೆಲ್ಲಿದ್ದಕ್ಕೆ ಒಂದು ಚೀಲ ಮರದ ಹೊಟ್ಟು, ತಂದವರ ಹೆಸರಿಲ್ಲದಿದ್ದರೂ ತಾರೀಕು, ಲೀಟರ್ ಬರೆಯುವ ಒಂದು ಪುಸ್ತಕ. ಬ್ಯಾರಲನ್ನು ಕಂಠಪೂರ್ತಿ ತುಂಬದೆ ಮೇಲೆ ನಾಲ್ಕು ಬೆರಳು ಜಾಗ ಬಿಡಬೇಕು.

ಬೆರಕೆಯೇ ದೊಡ್ಡ ಕಂಟಕ. ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ), ಪೆಟ್ರೋಲ್, ಬ್ರೇಕ್ ಆಯಿಲ್ ಬೆರೆತರೆ ಇಡೀ ಬ್ಯಾರಲ್ ಶುದ್ಧೀಕರಣಕ್ಕೆ ಬಾರದಂತಾಗಬಹುದು. ತಂದ ಕ್ಯಾನಿನಿಂದ ಒಂದು ಹನಿ ತೆಗೆದು ಬಿಸಿ ತಗಡಿನ ಮೇಲೆ ಬಿಟ್ಟರೆ, ನೀರಿದ್ದರೆ ಚಟಚಟ ಎನ್ನುತ್ತದೆ. ಸಿಬ್ಬಂದಿಗೆ ಇಷ್ಟು ಕಲಿಸಿದರೆ ಸಾಕು. ಕೂಲಂಟಿಗೆ ಬೇರೆ ಕ್ಯಾನ್ ಇರಲೇಬೇಕು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ಅಂಗಳದಲ್ಲಿ ಚೆಲ್ಲಿದ್ದನ್ನು ನೆಕ್ಕಿದ ನಾಯಿ, ದನಗಳ ಮೂತ್ರಪಿಂಡ ಕೆಟ್ಟು ಸಾಯುತ್ತವೆ.

ಬೈತಖೋಲ, ತದಡಿ ಬಂದರುಗಳಲ್ಲಿ ಮೀನುಗಾರಿಕೆ ದೋಣಿಗಳ ಆಯಿಲ್ಲೂ ಇದೆ. ಅಲ್ಲಿಯೂ ಬ್ಯಾರಲ್ ಇಡಿಸಿ, ಆದರೆ ಬೇರೆಯಾಗಿ. ದೋಣಿಯ ತಳದಲ್ಲಿ ನಿಲ್ಲುವ ಉಪ್ಪುನೀರು, ಡೀಸೆಲ್ ಅದಕ್ಕೆ ಸೇರುವ ಸಾಧ್ಯತೆ ಹೆಚ್ಚು.

ನಮ್ಮ ಕಡೆಯಿಂದ ಆಗುವುದನ್ನೂ ಹೇಳಿಬಿಡುತ್ತೇವೆ. ಹೊಸ ಆಯಿಲ್ ಬಂದ ಕ್ಯಾನಿನಲ್ಲೇ ಹಳೆಯದನ್ನು ತುಂಬಿ, ಮೇಲೆ ಗಾಡಿಯ ಬಗೆ, ಲೀಟರ್ ಬರೆದು ತರುತ್ತೇವೆ. ಫಿಲ್ಟರನ್ನು ಬಸಿದು ಬೇರೆ ಚೀಲದಲ್ಲಿ ಕೊಡುತ್ತೇವೆ. ಇದಕ್ಕೆ ಹಣ ಕೇಳುವುದಿಲ್ಲ. ಮೊದಲ ತಿಂಗಳುಗಳಲ್ಲಿ ಶನಿವಾರ, ಭಾನುವಾರ ಬ್ಯಾರಲಿನ ಹತ್ತಿರ ನಿಂತು ಬೆರಕೆ ಪರೀಕ್ಷೆ ಮಾಡಿಕೊಡಲು ಸಿದ್ಧರಿದ್ದೇವೆ. ಜಾಗ ಯಾವುದು, ಯಾವ ದಿನದಿಂದ ತರಬಹುದು ಎಂಬುದನ್ನು ತಾವು ತಿಳಿಸಬೇಕು.

ಇತಿ,
ತಮ್ಮ ಗಾಡಿಯ ಕೆಲಸ ತಾವೇ ಮಾಡಿಕೊಳ್ಳುವ ಉತ್ತರ ಕನ್ನಡದ ಕಾರು ಮಾಲೀಕರು