ಕಾಯಿಲೆಗೆ ಹೆಸರು ಸಿಕ್ಕ ಆ ಕಂತಿಗೆ ನಮ್ಮ ಧನ್ಯವಾದ

ನಮ್ಮ ಮನೆಯಲ್ಲೊಬ್ಬರಿಗೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್, ಚಿಕ್ಕದಾಗಿ ಬಿಪಿಡಿ (ಭಾವನೆ, ಸಂಬಂಧ ಯಾವುದೂ ನೆಲೆ ನಿಲ್ಲದ ಮಾನಸಿಕ ಕಾಯಿಲೆ), ಎಂದು ಗೊತ್ತಾದ ಮೇಲೆ ಶುರುವಾದ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಚಿಕಿತ್ಸೆಯ ಮೊದಲ ವರ್ಷ ಈ ತಿಂಗಳು ಮುಗಿಯಿತು. ಡಾಕ್ಟರು, ಥೆರಪಿಸ್ಟು, ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಎತ್ತಿದ ನೆಂಟರಿಷ್ಟರು, ಎಲ್ಲರಿಗೂ ಎದುರಿಗೇ ಥ್ಯಾಂಕ್ಸ್ ಹೇಳಿಯಾಗಿದೆ. ಬಾಕಿ ಉಳಿದಿರುವುದು ಒಂದು ಟಿವಿ ಸರಣಿಯ ಒಂದು ಕಂತು. ಅದಕ್ಕೆ ಹೇಳುವುದು ಹೇಗೆಂದು ಗೊತ್ತಾಗದೆ ಇಲ್ಲಿ ಬರೆಯುತ್ತಿದ್ದೇವೆ.

ಸರಣಿ ‘ಕ್ರೇಜಿ ಎಕ್ಸ್-ಗರ್ಲ್‌ಫ್ರೆಂಡ್’. ಹೆಸರು ಕೇಳಿ ಮೂಗು ಮುರಿಯಬೇಡಿ, ಆ ಹೆಸರನ್ನೇ ಗೇಲಿ ಮಾಡಲು ಹುಟ್ಟಿದ ಸರಣಿ ಅದು. ರೇಚಲ್ ಬ್ಲೂಮ್ ಮತ್ತು ಅಲೀನ್ ಬ್ರಾಶ್ ಮಕೆನ್ನಾ ಕಟ್ಟಿದ ಇದು ಅಮೆರಿಕದ ಸಿಡಬ್ಲ್ಯು ವಾಹಿನಿಯಲ್ಲಿ 2015ರ ಅಕ್ಟೋಬರ್‌ನಿಂದ 2019ರ ಏಪ್ರಿಲ್‌ವರೆಗೆ ಬಂತು: ನಾಲ್ಕು ಸೀಸನ್, 62 ಕಂತು. ಹಳೆಯ ಹಿಟ್ ಹಾಡುಗಳನ್ನು ಮತ್ತೆ ಹಾಡಿಸುವ ಸುಲಭದ ದಾರಿ ಹಿಡಿಯದೆ, ಬ್ಲೂಮ್, ಆಡಮ್ ಷ್ಲೆಸಿಂಜರ್, ಜ್ಯಾಕ್ ಡಾಲ್ಗೆನ್ ಮೂವರೂ ಸೇರಿ ಕಂತು ಕಂತಿಗೂ ಹೊಸ ಹಾಡು ಬರೆದರು. ನ್ಯೂಯಾರ್ಕಿನ ದೊಡ್ಡ ವಕೀಲಿಕೆ ಬಿಟ್ಟು, ಹದಿಹರೆಯದ ಬೇಸಿಗೆ ಶಿಬಿರದಲ್ಲಿ ಪ್ರೀತಿಸಿದ ಜಾಶ್ ಎಂಬ ಹುಡುಗನ ಬೆನ್ನು ಹತ್ತಿ ಕ್ಯಾಲಿಫೋರ್ನಿಯಾದ ವೆಸ್ಟ್ ಕೊವೀನಾ ಎಂಬ ಊರಿಗೆ ಬರುವ ರೆಬೆಕಾ ಬಂಚ್‌ಳ ಕಥೆ. ಹಾಡುಗಳೆಲ್ಲ ಅವಳ ತಲೆಯೊಳಗೆ ನಡೆಯುವಂಥವು.

ನಾವು ಋಣಿಗಳಾಗಿರುವುದು ಮೂರನೇ ಸೀಸನ್ನಿನ ಆರನೇ ಕಂತಿಗೆ. ಅದು ಬಂದದ್ದು 2017ರ ನವೆಂಬರ್ 17ರಂದು. ಅದರ ಹಿಂದಿನ ವಾರದ ಕಂತಿನಲ್ಲಿ ರೆಬೆಕಾ ಪ್ರಾಣ ಬಿಡಲು ಹೊರಟು, ಕೊನೆಯ ಗಳಿಗೆಯಲ್ಲಿ ವಿಮಾನದ ಪರಿಚಾರಕಿಯ ಸಹಾಯ ಕೇಳಿರುತ್ತಾಳೆ. ಆರನೇ ಕಂತಿನಲ್ಲಿ ಅವಳು ಆಸ್ಪತ್ರೆಯಲ್ಲಿದ್ದಾಳೆ. ಹೊಸ ಡಾಕ್ಟರು ಬಂದು, ಇಷ್ಟು ವರ್ಷ ನಿಮಗೆ ಹೇಳಿದ ರೋಗನಿರ್ಣಯಗಳು ಸರಿಯಿಲ್ಲದೆ ಇರಬಹುದು ಎನ್ನುತ್ತಾರೆ. ಅಲ್ಲಿ ಹಾಡು ಶುರುವಾಗುತ್ತದೆ.

ಆ ಹಾಡನ್ನು ಎಲ್ಲಿ ಇಟ್ಟಿದ್ದಾರೆ ಎಂಬುದನ್ನು ಗಮನಿಸಬೇಕು. ಬ್ರಾಡ್‌ವೇ ಸಂಗೀತ ನಾಟಕಗಳಲ್ಲಿ ‘ನನಗೆ ಇದು ಬೇಕು’ ಎಂದು ನಾಯಕಿ ಹಾಡುವ ಹಾಡೊಂದು ಇರಲೇಬೇಕೆಂಬ ಕಟ್ಟಳೆಯಿದೆ. ಸಾಮಾನ್ಯವಾಗಿ ಮೊದಲ ಅಂಕದ ಆರಂಭದಲ್ಲೇ ಬರುತ್ತದೆ: ಮೆಲ್ಲನೆ ಎತ್ತಿಕೊಂಡು, ವಾದ್ಯಗಳು ಒಂದೊಂದಾಗಿ ಸೇರಿ, ಕೊನೆಗೆ ಎದೆ ಬಿರಿಯುವ ಹಾಗೆ ಏರುವ ಜಾತಿಯದು. ಬೇಕು ಅನ್ನುವುದು ಪ್ರೀತಿಯೋ, ಊರು ಬಿಟ್ಟು ಹೋಗುವುದೋ, ರಂಗದ ಮೇಲೆ ಹೆಸರು ಮಾಡುವುದೋ ಆಗಿರುತ್ತದೆ. ಇಲ್ಲಿ ಮೂರನೇ ಸೀಸನ್ನಿನ ನಡುವೆ, ಆಸ್ಪತ್ರೆಯಲ್ಲಿ, ನಾಯಕಿ ಅದೇ ಜಾತಿಯ ಹಾಡನ್ನು ಒಂದು ರೋಗದ ಹೆಸರಿಗಾಗಿ ಹಾಡುತ್ತಾಳೆ. ಹೆಸರು ಸಿಕ್ಕರೆ ಸಾಕು, ತನ್ನಂಥವರು ಎಲ್ಲೋ ಇದ್ದಾರೆಂದಾಯಿತು, ದಾರಿ ಇದೆಯೆಂದಾಯಿತು ಎಂಬ ಹಿಗ್ಗು. ಮಾನಸಿಕ ಕಾಯಿಲೆ ಇರುವ ಮನೆಯವರಿಗೆ ಈ ಹಿಗ್ಗು ಚೆನ್ನಾಗಿ ಗೊತ್ತು. ಹೊರಗಿನವರು ‘ಕಾಯಿಲೆ ಇದೆ ಅಂದರೆ ಯಾಕೆ ಖುಷಿ?’ ಅಂದುಕೊಂಡಾರೆಂದು ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಟಿವಿ ಸರಣಿ ಅದನ್ನು ಪೂರ್ತಿ ಗಂಟಲಲ್ಲಿ ಹಾಡಿಸಿತು. ಮೊದಲ ಧನ್ಯವಾದ ಅದಕ್ಕೆ.

ಇನ್ನೂ ಮುಖ್ಯವಾದದ್ದು, ಹಾಡು ಮುಗಿಯುವ ತನಕ ರೋಗದ ಹೆಸರು ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಆಮೇಲೆ ಡಾಕ್ಟರು ಬಿಪಿಡಿ ಎನ್ನುತ್ತಾರೆ. ಇಂಟರ್‌ನೆಟ್ಟಿನಲ್ಲಿ ಹುಡುಕಬೇಡಿ ಎಂದು ಹೇಳಿದರೂ ಅವಳು ಹುಡುಕುತ್ತಾಳೆ. ಹಾಡಿನ ಹಿಗ್ಗು ಅಲ್ಲಿಗೆ ಜರ್ರನೆ ಇಳಿಯುತ್ತದೆ. ಹಾಡನ್ನು ರೋಗದ ಹೆಸರು ಬಂದ ಮೇಲೆ ಇಟ್ಟಿದ್ದರೆ ಅದು ಬರೀ ಸಮಾಧಾನದ ಮಾತಾಗುತ್ತಿತ್ತು. ಮುಂಚೆಯೇ ಇಟ್ಟದ್ದರಿಂದ, ಬೇಕಾಗಿದ್ದದ್ದು ಸಿಕ್ಕಿದರೂ ಬೇಡವೆನಿಸುವ ಆ ಸಂಕಟ ನೋಡುವವರಿಗೂ ತಟ್ಟುತ್ತದೆ.

ಹುಡುಕಿದರೆ ಏನು ತಪ್ಪು? ಬಿಪಿಡಿ ಬಗ್ಗೆ ಸಿಗುವ ಬರಹಗಳಲ್ಲಿ ಒಂದು ದೊಡ್ಡ ಪಾಲು ಕಾಯಿಲೆ ಇರುವವರಿಗಾಗಿ ಬರೆದದ್ದಲ್ಲ. ಅವರಿಂದ ನೊಂದವರು ಬೇರೆ ನೊಂದವರಿಗೆ ಬರೆದದ್ದು. ಜೊತೆಗೆ ‘ವ್ಯಕ್ತಿತ್ವ’ ಎಂಬ ಮಾತು ಸೇರಿರುವುದರಿಂದ ಇದು ಹುಟ್ಟುಗುಣ, ಸುಟ್ಟರೂ ಹೋಗದು ಎಂದು ಓದಿದವರು ತೀರ್ಮಾನಿಸಿಬಿಡುತ್ತಾರೆ. ದೀರ್ಘಕಾಲದ ಅಧ್ಯಯನಗಳು ಹೇಳುವುದು ಬೇರೆ. ಅಮೆರಿಕದ ಮಕ್ಲೀನ್ ಆಸ್ಪತ್ರೆಯಲ್ಲಿ ಮೇರಿ ಜಾನರೀನಿ ತಂಡ ಹತ್ತು ವರ್ಷ ಹಿಂಬಾಲಿಸಿದ ರೋಗಿಗಳಲ್ಲಿ 93 ಶೇಕಡಾ ಮಂದಿ ಕನಿಷ್ಠ ಎರಡು ವರ್ಷ ರೋಗಲಕ್ಷಣದ ಮಾನದಂಡದಿಂದ ಹೊರಗಿದ್ದರು. ಆದರೆ ಕೆಲಸ, ಸಂಬಂಧ ಎಲ್ಲವೂ ಸರಿಹೋಗಿ ಪೂರ್ತಿ ಚೇತರಿಸಿಕೊಂಡವರು ಅರ್ಧದಷ್ಟು ಮಾತ್ರ. ಎರಡೂ ಅಂಕಿಗಳನ್ನು ಒಟ್ಟಿಗೇ ಇಟ್ಟುಕೊಳ್ಳಬೇಕು. ಮೊದಲನೆಯದನ್ನಷ್ಟೇ ಹಿಡಿದರೆ ಮನೆಯವರು ಅವಸರ ಮಾಡುತ್ತಾರೆ, ಎರಡನೆಯದನ್ನಷ್ಟೇ ಹಿಡಿದರೆ ಕೈಚೆಲ್ಲುತ್ತಾರೆ.

ಕಂತಿನ ಅತ್ಯುತ್ತಮ ದೃಶ್ಯ ಇದರ ನಂತರದ್ದು, ಅಲ್ಲಿ ಹಾಡೂ ಇಲ್ಲ. ರೆಬೆಕಾ ತನ್ನ ಹಳೆಯ ಥೆರಪಿಸ್ಟ್ ಡಾ. ಅಕೋಪಿಯನ್ ಬಳಿ ಹೋಗುತ್ತಾಳೆ, ಈ ನಿರ್ಣಯ ತಪ್ಪೆಂದು ಹೇಳಿಸಿಕೊಳ್ಳಲು. ಅವರು ವಾದ ಮಾಡುವುದಿಲ್ಲ. ಲಕ್ಷಣಗಳನ್ನು ಒಂದೊಂದಾಗಿ ಓದುತ್ತಾರೆ. ಡಿಎಸ್‌ಎಂ-5, ಅಂದರೆ ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಡಾಕ್ಟರು ಬಳಸುವ ಅಮೆರಿಕದ ಕೈಪಿಡಿ, ಅದರಲ್ಲಿ ಬಿಪಿಡಿಗೆ ಒಂಬತ್ತು ಲಕ್ಷಣಗಳಿವೆ, ಐದು ಇದ್ದರೆ ನಿರ್ಣಯ: ಬಿಟ್ಟುಹೋದಾರೆಂಬ ಭಯಕ್ಕೆ ಏನು ಬೇಕಾದರೂ ಮಾಡುವುದು, ಒಬ್ಬರನ್ನೇ ಇಂದು ದೇವರೆಂದು ನಾಳೆ ದೆವ್ವವೆಂದು ಕಾಣುವ ಸಂಬಂಧಗಳು, ತಾನು ಯಾರೆಂಬುದೇ ನಿಲ್ಲದಿರುವುದು, ಖರ್ಚು, ಕುಡಿತ, ಲೈಂಗಿಕತೆ, ವಾಹನ ಓಡಿಸುವುದು, ತಿನ್ನುವುದು, ಇವುಗಳಲ್ಲಿ ಕನಿಷ್ಠ ಎರಡರಲ್ಲಿ ದುಡುಕು, ತನಗೆ ತಾನು ನೋವು ಮಾಡಿಕೊಳ್ಳುವುದು ಅಥವಾ ಸಾಯುವ ಮಾತು, ಗಂಟೆಗಳಲ್ಲೇ ಮೇಲೆ ಕೆಳಗಾಗುವ ಮನಸ್ಸು, ತುಂಬದ ಖಾಲಿತನ, ತಡೆಯಲಾಗದ ಕೋಪ, ಒತ್ತಡದಲ್ಲಿ ಬರುವ ಅನುಮಾನ ಅಥವಾ ತನ್ನಿಂದ ತಾನೇ ಬೇರೆಯಾದ ಭಾವ.

ಈ ಪಟ್ಟಿ ಹಿಡಿದು ಮೊದಲ ಎರಡು ಸೀಸನ್ ಮತ್ತೆ ನೋಡಿ. ಊರು ಬಿಟ್ಟು ಓಡಿಬಂದದ್ದು, ಜಾಶ್‌ನನ್ನು ತಲೆಯ ಮೇಲೆ ಹೊತ್ತು ಆಮೇಲೆ ಸೇಡಿಗೆ ನಿಂತದ್ದು, ಕೈಗೆ ಸಿಕ್ಕಷ್ಟು ಖರ್ಚು, ಎರಡನೇ ಸೀಸನ್ನಿನ ಕೊನೆಯಲ್ಲಿ ಹೊರಬೀಳುವ ಕಾಲೇಜು ದಿನಗಳ ಬೆಂಕಿಯ ಪ್ರಕರಣ. ನಗಿಸಲು ಬರೆದದ್ದೆಂದು ನಾವೆಲ್ಲ ಅಂದುಕೊಂಡಿದ್ದ ಘಟನೆಗಳು ಸಾಲಾಗಿ ಆ ಒಂಬತ್ತರೊಳಗೆ ಕೂರುತ್ತವೆ. ಹಾಡುಗಳು ಅವಳ ಕಣ್ಣಿಂದ ಕಥೆ ಹೇಳುತ್ತಿದ್ದುದರಿಂದ ನಮಗದು ಕಾಣಲಿಲ್ಲ. ಪ್ರೇಕ್ಷಕರನ್ನು ಇಷ್ಟು ಹೊತ್ತು ರೋಗಿಯ ಪಕ್ಕದಲ್ಲೇ ಕೂರಿಸಿ ಆಮೇಲೆ ಪಟ್ಟಿ ಓದಿದ ಬರಹಗಾರರ ತಾಳ್ಮೆಗೆ ಎರಡನೆಯ ಧನ್ಯವಾದ. ಡಾ. ಅಕೋಪಿಯನ್ ಪಾತ್ರದ ನಟಿ ಮೈಕಲ್ ಹಯಾಟ್‌ಗೂ.

ಒಂದು ತಕರಾರನ್ನೂ ಹೇಳಬೇಕು. ಸರಣಿಯಲ್ಲಿ ಆಸ್ಪತ್ರೆ ಸೇರಿದ ಮೇಲೆ ಸರಿಯಾದ ನಿರ್ಣಯ ಬೇಗ ಸಿಗುತ್ತದೆ. ನಿಜದಲ್ಲಿ ಬಿಪಿಡಿಯನ್ನು ಖಿನ್ನತೆ, ಆತಂಕ, ಬೈಪೋಲಾರ್ ಎಂದು ವರ್ಷಗಟ್ಟಲೆ ಕರೆಯುವುದುಂಟು. ಬೈಪೋಲಾರ್‌ನೊಂದಿಗೆ ಗೊಂದಲವಾಗುವ ಮುಖ್ಯ ಜಾಗ ಕಾಲಾವಧಿ. ಹೈಪೋಮೇನಿಯಾ (ಮನಸ್ಸಿನ ಅತಿ ಉಬ್ಬರದ ಸೌಮ್ಯ ರೂಪ) ಎನ್ನಲು ಕನಿಷ್ಠ ನಾಲ್ಕು ದಿನ, ಮೇನಿಯಾಗೆ (ಅದೇ ಉಬ್ಬರ ತೀವ್ರವಾದಾಗ) ಒಂದು ವಾರ, ಖಿನ್ನತೆಗೆ ಎರಡು ವಾರ ಒಂದೇ ಸಮನೆ ಇರಬೇಕು. ಬಿಪಿಡಿಯ ಏರಿಳಿತ ಬೆಳಿಗ್ಗೆ ಬಂದು ಸಂಜೆಗೆ ಹೋಗಬಹುದು, ಹೆಚ್ಚಾಗಿ ಯಾರದೋ ಮಾತು, ಬಾರದ ಫೋನು ಕಾರಣವಾಗಿರುತ್ತದೆ. ಡಾಕ್ಟರ ಬಳಿ ಹೋಗುವ ಮುಂಚೆ ಕೆಲವು ವಾರ ಒಂದು ನೋಟ್‌ಬುಕ್ಕಿನಲ್ಲಿ ಮನಸ್ಸು ಕೆಟ್ಟ ಹೊತ್ತು, ಅದಕ್ಕೆ ಮುಂಚೆ ನಡೆದದ್ದು, ಇಳಿದ ಹೊತ್ತು, ಇಷ್ಟು ಬರೆದಿಟ್ಟುಕೊಂಡರೆ ಮೊದಲ ಭೇಟಿಯ ಅರ್ಧ ಕೆಲಸ ಆದಂತೆ. ‘ಯಾವಾಗಲೂ ಹೀಗೇ’ ಎಂದು ಬಾಯಲ್ಲಿ ಹೇಳಿದರೆ ಡಾಕ್ಟರಿಗೆ ಏನೂ ಸಿಗುವುದಿಲ್ಲ.

ಕಂತಿನ ಶೀರ್ಷಿಕೆಯಲ್ಲಿ ಜಾಶ್ ಅಪ್ರಸ್ತುತ ಎಂದಿದೆ. ಇದೆಲ್ಲ ತನ್ನಿಂದಲೇ ಆಯಿತೆಂದು ಕೊರಗುವ ಹಳೆಯ ಪ್ರೇಮಿಗೆ ಸಿಗುವ ಉತ್ತರವೂ ಅದೇ, ಇದು ನಿನ್ನ ಕಥೆಯಲ್ಲ. ಅಪ್ಪ ಅಮ್ಮಂದಿರು ಈ ಭಾಗವನ್ನು ಎರಡು ಸಲ ನೋಡಲಿ. ‘ನಮ್ಮಿಂದ ಏನು ತಪ್ಪಾಯಿತು’ ಎಂದು ಮನೆಯವರು ಅಳತೊಡಗಿದರೆ, ಆಸ್ಪತ್ರೆಯ ಹಾಸಿಗೆಯಲ್ಲಿರುವವರೇ ಎದ್ದು ಅವರನ್ನು ಸಮಾಧಾನ ಮಾಡಬೇಕಾಗುತ್ತದೆ.

ಚಿಕಿತ್ಸೆಯ ವಿಷಯ. ಡಿಬಿಟಿಯನ್ನು ರೂಪಿಸಿದವರು ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಷಾ ಲಿನೆಹಾನ್. ಹದಿಹರೆಯದಲ್ಲಿ ತಾವೂ ಆಸ್ಪತ್ರೆಯಲ್ಲಿ ಇದ್ದವರೆಂದು 2011ರಲ್ಲಿ ಬಹಿರಂಗವಾಗಿ ಹೇಳಿದರು. ಪೂರ್ತಿ ಡಿಬಿಟಿಯಲ್ಲಿ ನಾಲ್ಕು ಅಂಗಗಳಿವೆ: ವಾರಕ್ಕೊಮ್ಮೆ ಒಬ್ಬರೇ ಕೂರುವ ಭೇಟಿ, ವಾರಕ್ಕೊಮ್ಮೆ ಎರಡು ಎರಡೂವರೆ ಗಂಟೆಯ ಗುಂಪು ತರಗತಿ, ನಡುವೆ ಫೋನಿನಲ್ಲಿ ನೆರವು, ಥೆರಪಿಸ್ಟರು ತಮ್ಮತಮ್ಮಲ್ಲೇ ಕೂತು ಚರ್ಚಿಸುವ ಸಭೆ. ತರಗತಿಯಲ್ಲಿ ಕಲಿಸುವುದು ನಾಲ್ಕು ವಿಷಯ: ಈ ಕ್ಷಣವನ್ನು ಗಮನಿಸುವುದು, ಸಂಕಟವನ್ನು ಇನ್ನಷ್ಟು ಕೆಡಿಸಿಕೊಳ್ಳದೆ ದಾಟುವುದು, ಭಾವನೆಯನ್ನು ಹಿಡಿತಕ್ಕೆ ತರುವುದು, ಜನರ ಜೊತೆ ಕೇಳುವ ಮತ್ತು ಬೇಡವೆನ್ನುವ ಬಗೆ. ಒಂದು ಸುತ್ತಿಗೆ ಸುಮಾರು ಆರು ತಿಂಗಳು, ಎರಡು ಸುತ್ತಿಗೆ ಒಂದು ವರ್ಷ. ನಮ್ಮಲ್ಲಿ ‘ಡಿಬಿಟಿ ಮಾಡುತ್ತೇವೆ’ ಎನ್ನುವ ಎಲ್ಲ ಕಡೆ ಈ ನಾಲ್ಕೂ ಇರುವುದಿಲ್ಲ. ಸೇರುವ ಮುಂಚೆ ಗುಂಪು ತರಗತಿ ಇದೆಯೇ, ದಿನವೂ ತುಂಬುವ ಡೈರಿ ಕಾರ್ಡ್ ಕೊಡುತ್ತಾರೆಯೇ, ಎರಡೇ ಪ್ರಶ್ನೆ ಕೇಳಿ.

ಕೆಡುವುದು ಎಲ್ಲಿ? ಹೆಚ್ಚಾಗಿ ಅಭ್ಯಾಸದಲ್ಲಿ. ಸಂಕಟ ಹತ್ತರಲ್ಲಿ ಒಂಬತ್ತಕ್ಕೆ ಏರಿದಾಗ ಮೊದಲ ಸಲ ಪ್ರಯತ್ನಿಸಿದರೆ ಯಾವ ಉಪಾಯವೂ ನಡೆಯುವುದಿಲ್ಲ. ಎರಡು ಮೂರರಲ್ಲಿ ಇರುವಾಗಲೇ ಕೈಗೆ ಹತ್ತಿರಬೇಕು. ತಣ್ಣೀರಿನ ಉಪಾಯ ತೆಗೆದುಕೊಳ್ಳಿ: ಬೇಸಿನ್ನಿನಲ್ಲಿ ತಣ್ಣನೆಯ ನೀರು, ಹತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೇಡ, ಉಸಿರು ಹಿಡಿದು ಮುಖವನ್ನು ಮೂವತ್ತು ಸೆಕೆಂಡು ಅದ್ದುವುದು. ನೀರಿಗಿಳಿದಾಗ ದೇಹ ತಾನಾಗಿ ಎದೆಬಡಿತ ಇಳಿಸುವ ಗುಣವನ್ನು ಇದು ಬಳಸಿಕೊಳ್ಳುತ್ತದೆ. ಅದೇ ಕಾರಣಕ್ಕೆ ಹೃದಯದ ತೊಂದರೆ ಇರುವವರು, ಎದೆಬಡಿತ ತಗ್ಗಿಸುವ ಮಾತ್ರೆಯವರು, ಊಟ ಬಿಡುವ ಕಾಯಿಲೆಯವರು ಡಾಕ್ಟರನ್ನು ಕೇಳದೆ ಮಾಡಬಾರದು. ಪರಿಣಾಮ ನಿಲ್ಲುವುದು ಕೆಲವೇ ನಿಮಿಷ, ಆಗಲೇ ನಿಧಾನದ ಉಸಿರಿಗೆ ಇಳಿಯಬೇಕು: ಒಳಗೆ ನಾಲ್ಕು ಎಣಿಕೆ, ಹೊರಗೆ ಆರು. ಇನ್ನೊಂದು ಕೆಡುವ ಜಾಗ ಮನೆಯವರ ಬಾಯಿ. ಜಗಳದ ನಡುವೆ ‘ಎಲ್ಲಿ ಹೋಯಿತು ನಿನ್ನ ಡಿಬಿಟಿ?’ ಎಂದರೆ ಕಲಿತದ್ದೆಲ್ಲ ಬೈಗುಳವಾಗಿಬಿಡುತ್ತದೆ.

ಆರನೇ ಕಂತಿನ ಆಮೇಲೆ ಸರಣಿ ಏನು ಮಾಡಿತು ಎಂಬುದಕ್ಕೂ ಕೃತಜ್ಞತೆ ಇದೆ. ಚೇತರಿಕೆ ಕೆಲವು ಕಡೆ ಅವಸರದ್ದೇ ಆಯಿತು, ನಿಜ. ಆದರೆ ನಿರ್ಣಯವನ್ನು ತಪ್ಪಿಸಿಕೊಳ್ಳುವ ಕಿಂಡಿ ಮಾಡಲಿಲ್ಲ. ಮೂರನೇ ಸೀಸನ್ನಿನ ಕೊನೆಯಲ್ಲಿ ಹುಚ್ಚಿನ ನೆಪ ಹೇಳಿ ಮೊಕದ್ದಮೆಯಿಂದ ಪಾರಾಗುವ ದಾರಿಯಿದ್ದರೂ ರೆಬೆಕಾ ಅದನ್ನು ಬೇಡವೆನ್ನುತ್ತಾಳೆ. ನಾಲ್ಕನೇ ಸೀಸನ್ನಿನಲ್ಲಿ ಖಿನ್ನತೆಯ ಮಾತ್ರೆ ದೊಡ್ಡ ಸಂಗತಿಯೇನಲ್ಲ ಎಂಬ ನಗೆಹಾಡು ಬಂತು, 2019ರಲ್ಲಿ ಎಮ್ಮಿ ಪ್ರಶಸ್ತಿಯನ್ನೂ ಪಡೆಯಿತು. (ಬಿಪಿಡಿಗೆಂದೇ ಒಪ್ಪಿಗೆ ಪಡೆದ ಮಾತ್ರೆ ಇಲ್ಲ, ಜೊತೆಗಿರುವ ಖಿನ್ನತೆ, ಆತಂಕಕ್ಕೆ ಕೊಡುತ್ತಾರೆ. ಇದನ್ನು ತಿಳಿಯದೆ ‘ಮಾತ್ರೆಯಿಂದ ಏನೂ ಆಗಲಿಲ್ಲ’ ಎಂದು ಬಿಟ್ಟುಬಿಡುವವರಿದ್ದಾರೆ. ಡಾಕ್ಟರನ್ನು ಕೇಳದೆ ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು ಬೇರೆ.) ಕೊನೆಯ ಕಂತಿನಲ್ಲಿ ಮೂವರು ಪ್ರೇಮಿಗಳಲ್ಲಿ ಯಾರನ್ನೂ ಆರಿಸದೆ, ತಲೆಯೊಳಗಿನ ಹಾಡನ್ನು ಹೊರಗೆ ಬರೆಯಲು ಕಲಿಯುತ್ತಾಳೆ.

ಆ ಹಾಡುಗಳ ಬೆನ್ನೆಲುಬಾಗಿದ್ದ ಆಡಮ್ ಷ್ಲೆಸಿಂಜರ್ 2020ರ ಏಪ್ರಿಲ್ 1ರಂದು ಕೋವಿಡ್‌ನಿಂದ ತೀರಿಕೊಂಡರು. ವಯಸ್ಸು 52. ಈ ಬರಹ ಅವರಿಗೆ ತಲುಪುವುದಿಲ್ಲ. ಬ್ಲೂಮ್ ಮತ್ತು ಡಾಲ್ಗೆನ್‌ಗಾದರೂ ಯಾರಾದರೂ ಮುಟ್ಟಿಸಿದರೆ ಉಪಕಾರ.

ನೋಡಬೇಕೆನ್ನುವವರಿಗೆ: ನೇರ ಆರನೇ ಕಂತಿಗೆ ಹಾರಬೇಡಿ, ಮೊದಲಿನಿಂದ ಬನ್ನಿ. ಮೂರನೇ ಸೀಸನ್ನಿನ ನಾಲ್ಕು, ಐದನೇ ಕಂತುಗಳು ಭಾರ. ಮನಸ್ಸು ಸರಿಯಿಲ್ಲದವರು ಒಬ್ಬರೇ ನೋಡದೆ, ಹಗಲು ಹೊತ್ತು ಯಾರ ಜೊತೆಗಾದರೂ ಕೂತು ನೋಡಿ, ಐದರಲ್ಲಿ ನಿಲ್ಲಿಸದೆ ಆರನ್ನೂ ಅದೇ ಸಲ ಮುಗಿಸಿ. ಸಾಯುವ ಯೋಚನೆ ಬರುತ್ತಿದ್ದರೆ ಟಿವಿ ಆರಿಸಿ 14416ಕ್ಕೆ ಫೋನ್ ಮಾಡಿ. ಅದು 2022ರಿಂದ ನಡೆಯುತ್ತಿರುವ ಸರ್ಕಾರದ ಟೆಲಿ-ಮಾನಸ್, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪೊಲೀಸ್ ಕೇಸಾದೀತೆಂದು ಆಸ್ಪತ್ರೆಗೆ ಕರೆದೊಯ್ಯಲು ಹೆದರುವ ಮನೆಗಳು ಇನ್ನೂ ಇವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ. ಹೆದರದೆ ಕರೆದುಕೊಂಡು ಹೋಗಿ, ಹಳೆಯ ಚೀಟಿಗಳನ್ನೂ ಆ ನೋಟ್‌ಬುಕ್ಕನ್ನೂ ಜೊತೆಗೆ ಒಯ್ಯಿರಿ.