ಕಾಗದದ ಕುಂಡ ಕಲಿಸಿದ ಹಿರಿಯರಿಗೆ

ಈ ವಸಂತದ ಮೊದಲ ಭಾನುವಾರ ಉದ್ಯಾನದಲ್ಲಿ ನನ್ನ ಮಗಳಿಗೆ ಹಳೆಯ ಪತ್ರಿಕೆಯಿಂದ ಕುಂಡ ಮಾಡಲು ಕಲಿಸಿದ ಹಿರಿಯರೇ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಮನ್ನಿಸಿ.

ಕೈಯಲ್ಲಿದ್ದ ಕುಂಡ ಬಿದ್ದು ಒಡೆದು ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನೀವು ಚೀಲದಿಂದ ಪತ್ರಿಕೆ ತೆಗೆದು, ಉದ್ದಕ್ಕೆ ಮಡಚಿ, ನೀರಿನ ಬಾಟಲಿಗೆ ಸುತ್ತಿದಿರಿ. ಅಂಚನ್ನು ಬಾಟಲಿಯ ತಳಕ್ಕೆ ಮಡಚಿ ಒತ್ತಿ, ಬಾಟಲಿಯನ್ನು ಮೆಲ್ಲನೆ ಎಳೆದುಕೊಂಡಾಗ ಪುಟ್ಟ ಕುಂಡವೊಂದು ನಿಂತಿತ್ತು! ಅಂಟು ಬೇಡ, ದಾರ ಬೇಡ. ಎರಡನೆಯದನ್ನು ಅವಳ ಕೈಯಿಂದಲೇ ಮಾಡಿಸಿದಿರಿ, ಸೊಟ್ಟಗಾದರೂ ತಿದ್ದಲಿಲ್ಲ. ನನ್ನ ಮನಸ್ಸು ತುಂಬಿದ್ದು ಅದಕ್ಕೇ. ಮಕ್ಕಳ ಕೈಯಿಂದ ಕೆಲಸ ಕಿತ್ತುಕೊಳ್ಳದೆ ಪಕ್ಕದಲ್ಲಿ ಕೂರುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಬೀಜವನ್ನು ಅದರ ಗಾತ್ರದ ಎರಡರಷ್ಟು ಆಳಕ್ಕೆ ಊರಿದರೆ ಸಾಕು, ಸಸಿಯನ್ನು ಕುಂಡದ ಸಮೇತ ನೆಟ್ಟರೆ ಕಾಗದ ಮಣ್ಣಿನಲ್ಲಿ ಕೊಳೆತು ಹೋಗುತ್ತದೆ, ಬೇರಿಗೆ ಪೆಟ್ಟಾಗುವುದಿಲ್ಲ ಎಂದಿರಿ. ಅವಳೀಗ ಅದನ್ನು ಕಂಡವರಿಗೆಲ್ಲ ಹೇಳುತ್ತಾಳೆ.

8ನೆಯ ದಿನ ಬೆಳಿಗ್ಗೆ ಸೂರ್ಯಕಾಂತಿಯ ಮೊಳಕೆ ಮೇಲೆದ್ದಿತು, ಬೀಜದ ಸಿಪ್ಪೆಯನ್ನು ಇನ್ನೂ ತಲೆಯ ಮೇಲೆ ಹೊತ್ತುಕೊಂಡು. ಅದೂ ಆ ಸೊಟ್ಟ ಕುಂಡದಲ್ಲೇ! ಅವಳ ಕೂಗಿಗೆ ಮನೆಯವರೆಲ್ಲ ಓಡಿ ಬಂದೆವು. ನಿಮಗೆ ನಮ್ಮೆಲ್ಲರ ಹೃತ್ಪೂರ್ವಕ ಧನ್ಯವಾದ.